ನಿಂಬೆ ಗಿಡದ ಬಯೋಡಾಟಾ

ಏಪ್ರಿಲ್ ೭, ಸೋಮವಾರ

ಮುದ್ದೇಬಿಹಾಳದ ಶಾಲೆಯ ಆಫೀಸಿನವರು "ಅನುಭವ?" ಅಂದರು. ಬಸವನ ಬಾಗೇವಾಡಿಯ ಸೊಸೈಟಿಯವರು "ಅನುಭವ?" ಅಂದರು. ಇವತ್ತು ಸಿಂದಗಿಯ ಗಾಡಿ ಶೋರೂಮಿನವನು ಚಹಾ ಹೀರುತ್ತ ಅದನ್ನೇ ಕೇಳಿದ. ಮೂರೂ ಕಡೆ ಕೊಟ್ಟ ಬಯೋಡಾಟಾ ಒಂದೇ. ಎರಡು ಹಾಳೆ, ಬಿ.ಕಾಂ., ಹವ್ಯಾಸ ಪುಸ್ತಕ ಓದುವುದು. ಅದನ್ನು ಓದಿದರೆ ನನಗೇ ಆಕಳಿಕೆ ಬರುತ್ತದೆ, ಅವರದೇನು ತಪ್ಪು.

ವಾಪಸು ಇಂಡಿ ಬಸ್ಸಿನಲ್ಲಿ ಕೂತಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡೆ. ಝಳಕಿಯ ಹೊಂಬಾಳೆ ನಿಂಬೆ ಕಂಪನಿಗೆ ಪ್ರಚಾರದ ಕೆಲಸಕ್ಕೆ ಒಬ್ಬರು ಬೇಕು. ಹೊರದೇಶಕ್ಕೆ ನಿಂಬೆಹಣ್ಣು ಕಳಿಸುವವರು, ಹಣ್ಣಿನ ಚಿತ್ರ, ವಿಡಿಯೋ ಮಾಡುವವರು ಬೇಕಂತೆ. ಬಯೋಡಾಟಾ ವಾಟ್ಸಾಪಿಗೆ ಕಳಿಸಬೇಕು. ಕೊನೆಯ ದಿನ ಮೇ ೩.

ಇದು ನನ್ನ ಕೆಲಸ. ಬೇರೆ ಯಾರಿಗಾದರೂ ಹೋದರೆ ಅದು ಕಂಪನಿಗೇ ನಷ್ಟ. ಈ ಸಲ ಹಾಳೆ ಕಳಿಸುವುದಿಲ್ಲ. ಮುಟ್ಟಿದರೆ ಮಾತಾಡುವ, ಒತ್ತಿದರೆ ಓಡಾಡುವ ಬಯೋಡಾಟಾ ಮಾಡುತ್ತೇನೆ. ತೆರೆದವರ ಬಾಯಿ ಮುಚ್ಚಬಾರದು.

ಅವ್ವನಿಗೆ ಹೇಳಿದೆ. ಝಳಕಿಗೆ ಹೋಗುವ ಬೆಳಗಿನ ಬಸ್ಸು ಎಷ್ಟಕ್ಕೆ ಅಂತಲೂ ಕೇಳಿಟ್ಟುಕೊಂಡಿದ್ದೇನೆ ಎಂದೆ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಬ್ಯಾಡ ಭುವನಾ," ಅಂದಳು. ಹೊಲಿಗೆ ಮಷಿನ್ನಿನ ಮುಂದೆ ಕೂತು ಈ ಮಾತು ಹೇಳುವುದಕ್ಕೆ ಅವಳಿಗೇ ನಗು ಬರಬೇಕಿತ್ತು.

ಏಪ್ರಿಲ್ ೯, ಬುಧವಾರ

ಒಂದು ದೊಡ್ಡ ನಿಂಬೆ ಗಿಡ. ಒಂದೊಂದು ಹಣ್ಣು ಮುಟ್ಟಿದರೆ ನನ್ನ ಒಂದೊಂದು ಕಲೆ ಹೊರಬರುತ್ತದೆ. ಮುಟ್ಟಿದ ಹಣ್ಣು ಬುಟ್ಟಿಗೆ ಬೀಳುತ್ತದೆ. ಬುಟ್ಟಿ ತುಂಬಿದ ಮೇಲೆ ಲಾರಿ ಬಂದು ಹೊತ್ತುಕೊಂಡು ಹೈವೇ ಹಿಡಿದು ಹೋಗುತ್ತದೆ. ಲಾರಿಯ ಹಿಂದೆ "ಭುವನೇಶ್ವರಿ" ಎಂದು ಬರೆದಿರುತ್ತದೆ. ಗಿಡದ ಕೆಳಗೆ ಕಂಪನಿಯ ಯಜಮಾನ ಶ್ರೀಶೈಲಪ್ಪನವರ ಗೊಂಬೆ ಕೂತು ಶರಬತ್ತು ಕುಡಿಯುತ್ತದೆ. ಅವರ ಪಟ ಕಂಪನಿಯ ಫೇಸ್‌ಬುಕ್ಕಿನಲ್ಲಿ ಸಿಕ್ಕಿತು. ಮೀಸೆ ಸ್ವಲ್ಪ ದಪ್ಪ ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಅನುಭವದ ಹಣ್ಣು ಮುಟ್ಟಿದರೆ "ಸ್ವತಂತ್ರ ಆನಿಮೇಶನ್ ಕಲಾವಿದೆ" ಎಂದು ಬರುತ್ತದೆ. ನಾಲ್ಕು ವರ್ಷದಿಂದ ಮೋದಿನಸಾಬ ಕಾಕಾನ ಫ್ಲೆಕ್ಸ್ ಅಂಗಡಿಯಲ್ಲಿ ಮೊಬೈಲ್ ಲಗ್ನಪತ್ರಿಕೆ ಮಾಡುತ್ತಿದ್ದೇನೆ ಎಂದು ಬರೆದರೆ ಯಾರು ಕೆಲಸ ಕೊಡುತ್ತಾರೆ? ಹೂವಿನ ಮಳೆ, ಕುಣಿಯುವ ಗಣಪ, ತೆರೆದುಕೊಳ್ಳುವ ಬಾಗಿಲು. ಸಿಂದಗಿಯ ದೊಡ್ಡಪ್ಪನ ಮಗಳು ನಾಕು ಮಂದಿ ನಡುವೆ ನನ್ನನ್ನು "ಮದುವಿ ಕಾರ್ಡ್ ಮಾಡಾಕಿ" ಎಂದು ತೋರಿಸಿದ್ದಾಳೆ. ಸಾಕು.

ಏಪ್ರಿಲ್ ೧೩, ರವಿವಾರ

ನಾಳೆ ಏಪ್ರಿಲ್ ೧೪ರ ಜಯಂತಿ. ಮೂರು ದಿನದಿಂದ ಅಂಗಡಿಯಲ್ಲಿ ನೀಲಿ ಬಣ್ಣ ಬಿಟ್ಟು ಬೇರೆ ಬಣ್ಣ ಕಂಡಿಲ್ಲ. ಗಿಡದಲ್ಲಿ ಒಂದು ಎಲೆಯೂ ಹೊಸದಾಗಿ ಮೂಡಲಿಲ್ಲ.

ಏಪ್ರಿಲ್ ೧೮, ಶುಕ್ರವಾರ

ಇವತ್ತು ಒಬ್ಬರು ನನ್ನ ತಲೆ ತಿಂದರು. ಅಗರಖೇಡದ ಧರ್ಮರಾಜಣ್ಣ, ಮಾರ್ಕೆಟ್ಟಿನಲ್ಲಿ ನಿಂಬೆ ಚೀಲ ಲೋಡ್ ಮಾಡುವವರು. ಮಗಳು ವಿಜಯಶ್ರೀಯ ಮದುವೆ ಮೇ ೪ಕ್ಕೆ, ಊರಿನ ಬುದ್ಧ ವಿಹಾರದಲ್ಲಿ. ಮೊಬೈಲ್ ಕಾರ್ಡ್ ಬೇಕು. ಅಲ್ಲಿಗೆ ಸರಿ. ಆದರೆ ತೀರಿಕೊಂಡ ಹೆಂಡತಿ ಆ ಕಾರ್ಡಿನಲ್ಲಿ ಬಂದವರಿಗೆ ಕೈ ಎತ್ತಿ ಹರಸಬೇಕಂತೆ.

"ಫೋಟೋ ಕೊಡ್ರಿ," ಅಂದೆ. ಮಹಿಳಾ ಸಂಘದ ಮೀಟಿಂಗಿನ ಒಂದು ಗುಂಪಿನ ಪಟ ಕೊಟ್ಟರು. ಹಿಂದಿನ ಸಾಲಿನಲ್ಲಿ, ಇಬ್ಬರ ಹೆಗಲ ನಡುವೆ, ಹುಣಸೆ ಬೀಜದಷ್ಟು ಮುಖ.

"ಬ್ಯಾರೇದ್ದು ಇಲ್ಲೇನ್ರಿ?"

"ಇದ್ರ ನಿನ್ನ ಕಡಿ ಯಾಕ ಬರ್ತಿದ್ದೆ ತಂಗಿ? ಇದನ್ನ ಕೊಟ್ರ ಭುವನಾ ಮಾಡ್ತಾಳ ಅಂತ ಮೋದಿನಸಾಬರು ಹೇಳ್ಯಾರ."

ಕಾಕಾ ಒಳಗೆ ಮಷಿನ್ನಿಗೆ ರೋಲ್ ಹಾಕುವವನಂತೆ ನಟಿಸುತ್ತಿದ್ದ. ಹೊರಗೆ ಬರಲೇ ಇಲ್ಲ. ನನ್ನ ಗಿಡಕ್ಕೆ ಉಳಿದದ್ದು ಹದಿನೈದೇ ದಿನ, ಇಲ್ಲಿ ನೋಡಿದರೆ ಒಂದು ಕಾರ್ಡಿಗೆ ಇಷ್ಟು ರಗಳೆ. ಆಗುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಹೇಳುವಷ್ಟರಲ್ಲಿ ಅವರು ಪಟವನ್ನು ಒರೆಸಿ ಟೇಬಲ್ಲಿನ ಮೇಲಿಟ್ಟು ಹೋಗಿಬಿಟ್ಟಿದ್ದರು.

ಏಪ್ರಿಲ್ ೨೧, ಸೋಮವಾರ

ಮುಖ ದೊಡ್ಡದು ಮಾಡಿದೆ. ಕಣ್ಣು ಬಂತು, ಮೂಗು ಬಂತು, ಆದರೆ ಯಾರೋ ಬೇರೆಯವರು. ಧರ್ಮರಾಜಣ್ಣನಿಗೆ ಕಳಿಸಿದೆ. "ಚಂದ ಐತಿ ತಂಗಿ, ಆದ್ರ ಅಕಿ ಅಲ್ಲ," ಎಂದರು. ಮತ್ತೆ ಮಾಡಿದೆ. "ಈಗ ಸ್ವಲ್ಪ ಅಕಿ." ಸ್ವಲ್ಪ ಅಂದರೆ ಎಷ್ಟು?

ಕೈ ಹೇಗೆ ಎತ್ತುತ್ತಿದ್ದರು ಎಂದು ಕೇಳಿದೆ. ಪೂರ್ತಿ ಎತ್ತುತ್ತಿರಲಿಲ್ಲವಂತೆ. ಅರ್ಧ ಎತ್ತಿ, ಸೆರಗಿಗೆ ಒರೆಸಿಕೊಂಡು, ಆಮೇಲೆ ತಲೆಯ ಮೇಲೆ ಇಡುತ್ತಿದ್ದರಂತೆ. ಯಾವಾಗಲೂ ಕೈ ಹಸಿ ಇರುತ್ತಿತ್ತಲ್ಲ ಎಂದರು. ಇಷ್ಟು ಮೊದಲೇ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು.

ಅವ್ವನನ್ನು ಬಾಗಿಲ ಬಳಿ ನಿಲ್ಲಿಸಿ, ಕೈ ಎತ್ತಿಸಿ, ಸೆರಗಿಗೆ ಒರೆಸಿಸಿ ವಿಡಿಯೋ ಮಾಡಿದೆ. "ನಿನ್ನ ನೌಕರಿ ಸಲುವಾಗೇನ ಇದು?" ಎಂದಳು. ಅಲ್ಲ ಎಂದೆ. ಮತ್ತೆ ಏನೂ ಕೇಳದೆ ಇನ್ನೊಮ್ಮೆ ಎತ್ತಿದಳು.

ಏಪ್ರಿಲ್ ೨೪, ಗುರುವಾರ

"ಈಗ ಅಕಿ." ಇಷ್ಟೇ ಬಂತು ಧರ್ಮರಾಜಣ್ಣನಿಂದ. ಚಲೋ ಆಯಿತು, ಪೀಡೆ ಕಳೆಯಿತು. ಊಟದ ನಂತರ ಮತ್ತೊಮ್ಮೆ ಆ ಮೆಸೇಜು ತೆಗೆದು ನೋಡಿದೆ.

ಈಗ ನನ್ನ ಬಯೋಡಾಟಾ. ನಮ್ಮ ಅಂಗಡಿಯಲ್ಲಿ ಹೊಸ ಕೆಲಸವನ್ನು ಖಾಲಿ ಹಾಳೆಯಿಂದ ಶುರು ಮಾಡುವ ಪದ್ಧತಿಯೇ ಇಲ್ಲ. ಹಿಂದಿನ ಕಾರ್ಡಿನ ಫೈಲು ನಕಲು ಮಾಡಿ, ಒಳಗಿನದನ್ನು ಒಂದೊಂದೇ ಪುಟ ಬದಲಿಸುತ್ತ ಹೋಗುವುದು. ಧರ್ಮರಾಜಣ್ಣನ ಕಾರ್ಡು ನಾನು ಇದುವರೆಗೆ ಮಾಡಿದ್ದರಲ್ಲಿ ಎಲ್ಲಕ್ಕಿಂತ ನಯವಾಗಿ ತೆರೆದುಕೊಳ್ಳುತ್ತದೆ. ಅದನ್ನೇ ನಕಲು ಮಾಡಿ ಗಿಡ ಕೂರಿಸಿದೆ. ಲಗ್ನದ ಸ್ಥಳ, ಮುಹೂರ್ತ ಇದ್ದ ಕೊನೆಯ ಪುಟದಲ್ಲಿ ನನ್ನ ಹೆಸರು, ಫೋನ್ ನಂಬರು ಹಾಕಿದೆ.

ಕಾಕಾ ಬಂದು ಬೆನ್ನ ಹಿಂದೆ ನಿಂತ. ಎಲ್ಲ ಹಣ್ಣು ಮುಟ್ಟಿ ನೋಡಿದ, ಲಾರಿ ಓಡಿದ್ದಕ್ಕೆ ಖುಷಿಪಟ್ಟ.

"ಹಣ್ಣು ಭಾರಿ ಅದಾವ ಬೇಟಿ. ಗಿಡ ಯಾರ ಹೊಲದಾಗ ಐತಿ ಅಂತ ಮಾತ್ರ ತಿಳೀಲಿಲ್ಲ."

"ಕಾಕಾ, ಇದು ಬಯೋಡಾಟಾ, ಪಹಣಿ ಪತ್ರ ಅಲ್ಲ."

"ಹೌದೌದು," ಎಂದು ತಲೆ ಅಲ್ಲಾಡಿಸುತ್ತ ಹೋದ. ಅವನಿಗೆ ಸಿಟ್ಟು ಬರುವುದಿಲ್ಲ, ಅದೇ ಅವನ ಜೊತೆಗಿನ ತೊಂದರೆ. ಗಿಡದ ಹಿಂದೆ ಖಾಲಿ ಖಾಲಿ ಕಾಣುತ್ತಿತ್ತು. ನಮ್ಮ ಅಂಗಡಿಯನ್ನು ಬೋರ್ಡಿನ ಸಮೇತ ಚಿಕ್ಕದಾಗಿ ಬರೆದು ಅಲ್ಲಿಟ್ಟೆ. ಅಲಂಕಾರಕ್ಕೆ.

ಏಪ್ರಿಲ್ ೨೬, ಶನಿವಾರ

ಕಳಿಸಿದೆ!

ಬರೀ ಲಿಂಕು. "ಮಾನ್ಯರೇ" ಇಲ್ಲ, "ತಮ್ಮ ವಿಶ್ವಾಸಿ" ಇಲ್ಲ, ನನ್ನ ಹೆಸರು ಕೂಡ ಇಲ್ಲ. ಮಾಡಿ ತೋರಿಸಲು ಬಾರದವರು ಮಾತು ಬರೆಯುತ್ತಾರೆ. ಲಿಂಕು ಮುಟ್ಟಲಿ, ಗಿಡವೇ ಮಾತಾಡುತ್ತದೆ.

ಕಳಿಸುವ ಮೊದಲು ಧರ್ಮರಾಜಣ್ಣನ ಫೋನು. ಸುಖಾಗಮನ ಬಯಸುವವರ ಸಾಲಿನಲ್ಲಿ ಅವರ ಸೋದರಮಾವನ ಹೆಸರು ಬಿಟ್ಟುಹೋಗಿತ್ತಂತೆ. ಕಾರ್ಡಿನಲ್ಲಿ ಹೆಸರು ಬಿಟ್ಟರೆ ನಮ್ಮ ಕಡೆ ಮಾವಂದಿರು ಮದುವೆಗೇ ಬರುವುದಿಲ್ಲ. ಎರಡೂ ಫೈಲು ತೆರೆದೇ ಇದ್ದವು. ಅವಸರದಲ್ಲಿ ಲಗ್ನದ ಕೊನೆಯ ಪುಟವನ್ನು ಮಾವನ ಹೆಸರು ಸೇರಿಸಿ ಹೊಸದಾಗಿ ಮಾಡಿ, ಇಡೀ ಪುಟವನ್ನೇ ಫೈಲಿನಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. "ಇನ್ನೂ ಬಂದಿಲ್ಲ ತಂಗಿ." ನಿಮ್ಮ ಊರಿನ ನೆಟ್‌ವರ್ಕು ಹಳೆಯದನ್ನೇ ತೋರಿಸುತ್ತದೆ ಎಂದು ರೇಗಿ, ಆ ಪುಟವನ್ನು ಇನ್ನೊಮ್ಮೆ ಕೂರಿಸಿದೆ. ಆಗ ಬಂತಂತೆ.

ಅವರದು ಮುಗಿಸಿ ನನ್ನದನ್ನು ತೆರೆದೆ. ಅಂಗಡಿಯ ದೊಡ್ಡ ಪರದೆಯ ಮೇಲೆ ಗಿಡ ಏನು ಚಂದ ತೂಗುತ್ತಿತ್ತು! ಲಾರಿ ಹೊರಡುವವರೆಗೂ ನೋಡಿದೆ. ಕೊನೆಯ ಪುಟದಲ್ಲಿ ನೋಡುವುದೇನಿದೆ, ನನ್ನ ನಂಬರು ನನಗೆ ಬಾಯಿಪಾಠ.

ಏಪ್ರಿಲ್ ೩೦, ಬುಧವಾರ

ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬಂದಿವೆ. ಅಂದರೆ ನೋಡಿದ್ದಾರೆ. ಉತ್ತರವಿಲ್ಲ. ದಂಗಾಗಿ ಕೂತಿರಬೇಕು.

ಮೇ ೨, ಶುಕ್ರವಾರ

ಉತ್ತರವಿಲ್ಲ.

ಧರ್ಮರಾಜಣ್ಣ ಅಂಗಡಿಗೇ ಬಂದು, ರವಿವಾರ ನೀನೇ ಬಂದು ಆ ಚಿತ್ರವನ್ನು ಪರದೆಯ ಮೇಲೆ ತೋರಿಸಬೇಕು ಎಂದು ಕೂತುಬಿಟ್ಟರು. ಕಾರ್ಡನ್ನು ಮಾರ್ಕೆಟ್ಟಿನ ಎಲ್ಲ ಗ್ರೂಪಿಗೂ ಹಾಕಿದ್ದಾರಂತೆ.

"ಅಷ್ಟು ಮಂದಿಗೆ ಯಾಕ್ರಿ? ಯಾರ್ ಬರ್ತಾರ?" ಎಂದೆ. ನನ್ನ ತಲೆ ಕೆಟ್ಟಿತ್ತು, ಇಲ್ಲದಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

"ಕರಿಯೂದು ನಮ್ಮ ಕೆಲಸ ತಂಗಿ," ಎಂದರು.

ಮೇ ೪, ರವಿವಾರ

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಕಾಕಾನ ಗಾಡಿಯಲ್ಲಿ ಪರದೆ, ಪ್ರೊಜೆಕ್ಟರು ಹೇರಿಕೊಂಡು ಬೆಳಿಗ್ಗೆಯೇ ಅಗರಖೇಡಕ್ಕೆ ಹೋದೆವು. ವಿಹಾರದ ಮುಂದೆ ಚಪ್ಪರ, ಬಿಳಿ ಸೀರೆಯಲ್ಲಿ ವಿಜಯಶ್ರೀ. ಪಂಚಶೀಲ ಹೇಳಿಸಿ, ಹಾರ ಬದಲಿಸಿದರು. ಆಮೇಲೆ ಧರ್ಮರಾಜಣ್ಣ ನನಗೆ ಸನ್ನೆ ಮಾಡಿದರು. ಚಿತ್ರ ಹಾಕಿ, ಮೊಬೈಲನ್ನು ವಿಜಯಶ್ರೀಯ ಕೈಗೆ ಕೊಟ್ಟು, ಮುಟ್ಟು ಎಂದೆ. ಮುಟ್ಟಿದಳು. ಪರದೆಯ ಮೇಲೆ ಅವಳ ಅವ್ವ ಅರ್ಧ ಕೈ ಎತ್ತಿ, ಸೆರಗಿಗೆ ಒರೆಸಿಕೊಂಡು, ಪೂರ್ತಿ ಎತ್ತಿ ಹರಸಿದರು.

 ಹೆಂಗಸರ ಕಡೆಯಿಂದ ಯಾರೋ, "ಅಯ್ಯ, ಕೈ ಒರಸ್ಕೊಂಡ್ಳು ನೋಡ," ಅಂದರು. ಅಷ್ಟಾದ ಮೇಲೆ ಅಳದವರು ಯಾರೂ ಉಳಿಯಲಿಲ್ಲ. ವಿಜಯಶ್ರೀ ಮತ್ತೆ ಮುಟ್ಟಿದಳು, ಮತ್ತೆ ಮುಟ್ಟಿದಳು. ನನ್ನ ಕಣ್ಣೂ ಒದ್ದೆಯಾಯಿತು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಚಪ್ಪರದ ಹಿಂದೆ ಗದ್ದಲ. ಬಿಳಿ ಕಾರೊಂದು ಬಂದು ನಿಂತಿತ್ತು. ಇಳಿದವರು ನನ್ನ ಗಿಡದ ಕೆಳಗೆ ಶರಬತ್ತು ಕುಡಿಯುವ ಗೊಂಬೆ! ಶ್ರೀಶೈಲಪ್ಪನವರು. ಮೀಸೆ ನಿಜಕ್ಕೂ ದಪ್ಪವಿದೆ. ಜೊತೆಗೆ ಅವರ ಮನೆಯವರು ಇಂದುಬಾಯಿ, ಕೈಯಲ್ಲಿ ಸೀರೆ-ಕುಪ್ಪಸದ ಪೊಟ್ಟಣ. ಬಂದು ಪರದೆಯನ್ನು ನೋಡುತ್ತ ನಿಂತುಬಿಟ್ಟರು.

ನನ್ನನ್ನು ಹುಡುಕಿಕೊಂಡು ಬಂದಿದ್ದಾರೆ ಎಂದುಕೊಂಡೆ. ನಗಬೇಡ ದಿನಚರಿಯೇ, ಅಷ್ಟು ಧೈರ್ಯ ನನಗಿದೆ. ಜಡೆ ಸರಿಮಾಡಿಕೊಂಡು ಮುಂದೆ ಹೋದೆ. ಅವರು ನನ್ನನ್ನು ದಾಟಿ ಧರ್ಮರಾಜಣ್ಣನ ಕಡೆ ನಡೆದರು.

"ಧರ್ಮರಾಜ ಅಂದ್ರ ನೀವೇನ್ರಿ?"

"ಹೌದ್ರಿ ಸಾಹುಕಾರ," ಧರ್ಮರಾಜಣ್ಣ ಕೈಮುಗಿದರು.

"ನಿಮ್ಮ ಕಾರ್ಡ್ ಬಂದಿತ್ತು. ಮೊದಲಿಗೆ ಬರೇ ಬೆಳ್ಳಗ ಕಾಣಸ್ತಿತ್ತರಿ, ಏನೂ ತೆರೀಲಿಲ್ಲ. ಒತ್ತಿ ಒತ್ತಿ ಕಡೀಕ ಇದು ಬಂತು." ಮೊಬೈಲು ತೋರಿಸಿದರು. "ಸಹಕುಟುಂಬ ಬಂದು ಹರಸ್ರಿ ಅಂತ ಬರದೀರಿ. ಹಣ್ಣು ಕೊಡೋ ಮಂದಿ ಊರೂರಾಗ ಅದಾರ, ನಂಗ ಹೆಸರು ನೆನಪಾಗಲಿಲ್ಲ ನೋಡ್ರಿ, ತಪ್ಪು ತಿಳ್ಕೋಬ್ಯಾಡ್ರಿ. ಆದ್ರ ಕರದ ಮ್ಯಾಲ ಬರದಿದ್ರ ಹ್ಯಾಂಗ?"

ನಾನು ಪಕ್ಕದಲ್ಲೇ ನಿಂತಿದ್ದೆ. ಆ ಮೊಬೈಲಿನಲ್ಲಿ ಕಂಡ ಲಿಂಕು ನನ್ನದು. ನನ್ನ ಬಯೋಡಾಟಾದ್ದು. ಕೊನೆಯ ಪುಟದಲ್ಲಿ ನನ್ನ ಹೆಸರಿಲ್ಲ, ನಂಬರಿಲ್ಲ. ಬುದ್ಧ ವಿಹಾರ, ಅಗರಖೇಡ, ಮೇ ೪, ಧರ್ಮರಾಜ, ಬಿಟ್ಟುಹೋಗಿದ್ದ ಸೋದರಮಾವ. ಅವತ್ತು ಮಾವನ ಹೆಸರಿನ ಪುಟವನ್ನು ಮೊದಲ ಸಲ ಕೂರಿಸಿದ್ದು ಯಾವ ಫೈಲಿನಲ್ಲಿ ಎಂದು ಆಗ ಗೊತ್ತಾಯಿತು. ನೆಟ್‌ವರ್ಕಿಗೆ ಬೈದದ್ದೂ ನೆನಪಾಯಿತು. ಗಿಡ, ಹಣ್ಣು, ಲಾರಿ, ಯಾವುದೂ ಅವರ ಮೊಬೈಲಿನಲ್ಲಿ ತೆರೆದೇ ಇಲ್ಲ. ಅಷ್ಟು ಭಾರ ಮಾಡಿದ್ದೆ ಅದನ್ನು. ದೊಡ್ಡ ಪರದೆಯಲ್ಲಿ ನೋಡಿ ನೋಡಿ ಹಿಗ್ಗಿದವಳು, ಒಂದು ಸಲ ಮೊಬೈಲಿನಲ್ಲಿ ತೆರೆದು ನೋಡಬಾರದಿತ್ತೇ ಕತ್ತೆ!

ಧರ್ಮರಾಜಣ್ಣ ಕೈಮುಗಿದು ನಿಂತೇ ಇದ್ದರು. ವರ್ಷಗಟ್ಟಲೆ ಅವರು ಹೊತ್ತ ಚೀಲಗಳು ಹೋಗುವುದು ಇದೇ ಕಂಪನಿಗೆ. "ಯಾರೋ ಗ್ರೂಪಿನ್ಯಾಗಿನವರು ಮುಟ್ಟಿಸ್ಯಾರ್ರಿ. ನೀವು ಬಂದ್ರಲ್ಲ, ಸಾಕ್ರಿ," ಎಂದರು. ಆಮೇಲೆ ತಿರುಗಿ, ಇಡೀ ಚಪ್ಪರಕ್ಕೆ ಕೇಳುವಂತೆ, "ವಿಜಯಶ್ರೀ, ಬಾರವಾ. ಝಳಕಿ ಸಾಹುಕಾರ್ರು ನಿನ್ನ ಹರಸಾಕ ಬಂದಾರ!"

ನಮ್ಮ ಊರುಗಳಲ್ಲಿ ಇಂಥ ಓಣಿಯ ಮದುವೆಗೆ ದೊಡ್ಡವರು ಬಂದರೂ, ನಿಂತಲ್ಲೇ ಅಕ್ಕಿ ಹಾಕಿ, ನೀರೂ ಮುಟ್ಟದೆ, ಅವಸರದ ಕೆಲಸವಿದೆ ಎಂದು ಹೊರಟುಹೋಗುತ್ತಾರೆ. ಇವರು ಪಂಕ್ತಿಯಲ್ಲಿ ಚಾಪೆಯ ಮೇಲೆ ಕೂತರು. ಹುಗ್ಗಿ ಹಾಕಿಸಿಕೊಂಡು ಉಂಡರು. ಇಂದುಬಾಯಿ ತುಪ್ಪ ಇನ್ನಷ್ಟು ಬಿಡು ಎಂದರು. ಊರಿನವರು ದೂರ ನಿಂತು ನೋಡುತ್ತಿದ್ದರು. ಬಡಿಸುತ್ತಿದ್ದ ಧರ್ಮರಾಜಣ್ಣನ ಮುಖ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ.

ಊಟ ಮಾಡುತ್ತಲೇ ಇಂದುಬಾಯಿ ಕೇಳಿದರು. "ಆ ತಾಯಿ ಚಿತ್ರ ಮಾಡಿದವರ್ಯಾರು?"

"ಇಕಿನ ನೋಡ್ರಿ. ಮೋದಿನಸಾಬರ ಅಂಗಡ್ಯಾಗಿನ ಭುವನಾ." ಧರ್ಮರಾಜಣ್ಣ ನನ್ನನ್ನು ಮುಂದೆ ನೂಕಿದರು.

ಶ್ರೀಶೈಲಪ್ಪನವರು ತಲೆ ಎತ್ತಿದರು. "ಭೇಷ್ ಅದ ಕೆಲಸ. ನಮ್ಮಲ್ಲೂ ಇಂಥದ್ದಕ್ಕ ಒಬ್ರು ಬೇಕಂತ ಅರ್ಜಿ ಕರದಿದ್ದೆ. ನೀ ಯಾಕ ಹಾಕಲಿಲ್ಲವಾ?"

ಹಾಕೇನ್ರಿ, ನಿಮ್ಮ ಕಿಸೆದಾಗ ಐತಿ. ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಕೆಲಸ ನನ್ನದು. ಆದರೆ ಅಷ್ಟು ಹೇಳಿದರೆ ಧರ್ಮರಾಜಣ್ಣ ಕರೆದ ಅತಿಥಿ ಅವರಲ್ಲ, ನನ್ನ ತಪ್ಪಿನಿಂದ ದಾರಿ ತಪ್ಪಿ ಬಂದವರು ಎಂದಾಗುತ್ತಿತ್ತು. ಧರ್ಮರಾಜಣ್ಣ ಹುಗ್ಗಿಯ ಸೌಟು ಹಿಡಿದು ಅಲ್ಲೇ ನಿಂತಿದ್ದರು.

"ಮದುವಿ ಸೀಸನ್ನರಿ," ಎಂದೆ. "ಪುರುಸೊತ್ತ ಆಗಲಿಲ್ಲ."

"ಛೇ. ನಿನ್ನೀಗೆ ಮುಗೀತಲ್ಲವಾ."

"ಮುಗೀಲಿ ಬಿಡ್ರಿ. ಹುಗ್ಗಿ ಹಾಕ್ಸಿಕೊಳ್ರಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ನಾನೇ ಕೈ ಕೊಡವಿದೆ. ಗಾಡಿಯಲ್ಲಿ ಬರುವಾಗ ಕಾಕಾನಿಗೆ ಎಲ್ಲ ಹೇಳಿದೆ. ಅವನು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದ. "ಚಹಾ ಕುಡಿಯೋಣು?" ಎಂದ. ಕುಡಿದೆವು.

ಮೇ ೫, ಸೋಮವಾರ

ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಗೊತ್ತಿಲ್ಲ. ಅವ್ವನಿಗೆ ಹೇಳಿದರೆ ಕುಲಾಯಿಯ ಮಾತು ತೆಗೆಯುತ್ತಾಳೆ ಎಂದುಕೊಂಡೆ. ತೆಗೆಯಲಿಲ್ಲ. ಎರಡು ರೊಟ್ಟಿ ಹೆಚ್ಚು ಬಡಿದಳು.

ಬಯೋಡಾಟಾ ಅಳಿಸಿಹಾಕಲು ತೆರೆದೆ. ಅಳಿಸಲು ಮನಸ್ಸಾಗಲಿಲ್ಲ, ಗಿಡ ಚಂದವಿದೆ. ಆದರೆ ತಪ್ಪು ಕಂಡಮೇಲೆ ಬಿಡುವುದು ನನ್ನಿಂದಾಗದು. ಭಾರವೆಲ್ಲ ಇಳಿಸಿದೆ. ಕೊನೆಯ ಪುಟ ಸರಿಪಡಿಸಿ ನನ್ನ ಹೆಸರು ಹಾಕಿದೆ. ಅನುಭವದ ಹಣ್ಣನ್ನು ಮುಟ್ಟಿದರೆ ಈಗ ಅಂಗಡಿಯ ಬಾಗಿಲು ತೆರೆಯುತ್ತದೆ, ಒಳಗೆ ಲಗ್ನಪತ್ರಿಕೆಗಳು ಸಾಲಾಗಿ ಕಾಣುತ್ತವೆ. ಯಾರೂ ನೋಡಲಿಕ್ಕಿಲ್ಲ. ಇರಲಿ, ಇಟ್ಟುಕೊಂಡರೆ ಯಾರೂ ಬಾಡಿಗೆ ಕೇಳುವುದಿಲ್ಲ.

ಮೇ ೭, ಬುಧವಾರ

ಗೊಳಸಂಗಿಯ ಒಂದು ಮದುವೆ, ಝಳಕಿಯ ಒಂದು ನಿಕಾಹ್, ಎರಡು ಹೊಸ ಕಾರ್ಡು ಹಿಡಿದೆ. ನಿಕಾಹ್‌ನ ಹುಡುಗಿ ಹುಮಾ ತನ್ನ ಕಾರ್ಡಿನಲ್ಲಿ ಅಜ್ಜಿಯ ತೂಗುಮಂಚ ಬೇಕು ಎಂದಳು. ಅಜ್ಜಿ ಯಾವ ಕಡೆ ಮುಖ ಮಾಡಿ ಕೂರುತ್ತಿದ್ದರು, ಕಾಲಿನಿಂದ ತೂಗುತ್ತಿದ್ದರೋ ಕೈಯಿಂದಲೋ ಎಂದು ಮೊದಲೇ ಕೇಳಿ ಬರೆದುಕೊಂಡೆ.

ಮೇ ೯, ಶುಕ್ರವಾರ

ಮಧ್ಯಾಹ್ನ ಹುಮಾಳ ತೂಗುಮಂಚ ತೂಗಿಸುತ್ತಿದ್ದಾಗ ಫೋನು ಬಂತು.

"ಭುವನೇಶ್ವರಿ ಏನವಾ? ನಾ ಶ್ರೀಶೈಲಪ್ಪ, ಝಳಕಿ."

ನಿಂತುಬಿಟ್ಟೆ.

"ನಮ್ಮ ಇಂದುಬಾಯಿ ಮತ್ತ ಆ ತಾಯಿ ಚಿತ್ರ ನೋಡಬೇಕಂದ್ಳು. ಧರ್ಮರಾಜನ ಕಾರ್ಡ್ ಅಂತ ಆಫೀಸಿನ ಕಂಪ್ಯೂಟರದಾಗ ತೆರದ್ರ ನಿಂಬಿ ಗಿಡ ಬಂತು. ಗಿಡದ ಬುಡಕ ನಾ ಕುಂತೇನಿ! ಕಡೀಕ ಧರ್ಮರಾಜನ ಹೆಸರಿದ್ದಲ್ಲಿ ನಿನ್ನ ಹೆಸರು. ಅಂದ್ರ ನಾ ಕರೀದ ಮದುವಿಗೆ ಹೋಗಿ ಉಂಡು ಬಂದೇನಿ."

"ತಪ್ಪು ನಂದ್ರಿ. ಕಾರ್ಡಿನ ಪುಟ ನನ್ನದರಾಗ ಕುಂತಿತ್ತು."

"ಅದು ತಿಳೀತು. ಅವತ್ತ ಬಾಯಿಬಿಟ್ಟು ಕೇಳಿದೆ, ಅರ್ಜಿ ಯಾಕ ಹಾಕಲಿಲ್ಲ ಅಂತ. ಯಾಕ ಹೇಳಲಿಲ್ಲ?"

"ಹ್ಯಾಂಗ್ ಹೇಳ್ಲಿರಿ? ಧರ್ಮರಾಜಣ್ಣ ಅಲ್ಲೇ ನಿಂತಿದ್ರು."

ಆ ಕಡೆ ಅವರು ಇಂದುಬಾಯಿಗೆ ಅದನ್ನೇ ತಿರುಗಿ ಹೇಳಿದ್ದು ಕೇಳಿಸಿತು.  

"ಅವಗ ಎಂದೂ ಹೇಳಬ್ಯಾಡ," ಎಂದರು.

"ನೀವೂ ಹೇಳಬ್ಯಾಡ್ರಿ."

"ನಾ ಯಾಕ ಹೇಳ್ಲಿ! ಅರ್ಜಿ ಏಪ್ರಿಲ್ ಇಪ್ಪತ್ತಾರಕ್ಕ ಬಂದೈತಿ. ವ್ಯಾಳ್ಯಾಕ್ಕ ಬಂದದ್ದು. ಸೋಮವಾರದಿಂದ ಬಾ."

ಹುಂ ಅನ್ನಬೇಕಿತ್ತು. "ಸೋಮವಾರ ಆಗೂದಿಲ್ರಿ. ಎರಡು ಮದುವಿ ಕೆಲಸ ಹಿಡದೇನಿ. ಮುಗಿಸಿ, ಹತ್ತೊಂಬತ್ತಕ್ಕ ಬರ್ತೇನಿ," ಎಂದೆ.  ಹಿಂದೆ ಇಂದುಬಾಯಿಯ ಧ್ವನಿ, "ಹತ್ತೊಂಬತ್ತಕ್ಕ ಬರ್ಲಿ ಅನ್ರಿ." ಹಾಗೇ ಆಯಿತು.

ಕೆಲಸ ಸಿಕ್ಕಿತು. ಸಿಕ್ಕೇ ಸಿಗುತ್ತದೆ ಎಂದು ನನಗೆ ಮೊದಲಿನಿಂದ ಗೊತ್ತಿತ್ತು. ಕಾಕಾನಿಗೆ ಹೇಳಿದೆ. ಅವನು ಎಲ್ಲರಿಗೂ ಚಹಾ ತರಿಸಿ, ಬೆನ್ನು ತಿರುಗಿಸಿ ಮಷಿನ್ನು ಒರೆಸಲು ನಿಂತ. ಒರೆಸುವಂಥ ಧೂಳು ಅಲ್ಲಿರಲಿಲ್ಲ.

ಅಷ್ಟೇ ಅಲ್ಲ. ಫೋನು ಇಡುವ ಮೊದಲು ಶ್ರೀಶೈಲಪ್ಪನವರು ಇನ್ನೊಂದು ಹೇಳಿದರು. ಬರುವ ರವಿವಾರ ಹೊಸ ಮದುಮಕ್ಕಳನ್ನೂ ಧರ್ಮರಾಜಣ್ಣನನ್ನೂ ತಮ್ಮ ಮನೆಗೆ ಊಟಕ್ಕೆ ಕರೆದಿದ್ದಾರೆ. ನಿನ್ನೆ ತಾವೇ ಗಂಡ ಹೆಂಡತಿ ಅಗರಖೇಡಕ್ಕೆ ಹೋಗಿ, ಮನೆಯ ಬಾಗಿಲಲ್ಲಿ ನಿಂತು ಕರೆದು ಬಂದರಂತೆ. "ಈ ಸಲ ಬಾಯಿಲೆ ಕರದೇವಿ. ನೀನೂ ಬಾ," ಎಂದರು.

ಸಂಜೆ ಧರ್ಮರಾಜಣ್ಣ ಫೋನು ಮಾಡಿದರು. ಧ್ವನಿ ಎಷ್ಟು ಜೋರಾಗಿತ್ತೆಂದರೆ ಮೊಬೈಲು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ತಂಗಿ, ಸಾಹುಕಾರ್ರು ಮನಿತನಕ ಬಂದು ಊಟಕ್ಕ ಕರದು ಹೋದ್ರು! ನೀ ಅಂದಿದ್ದಿಯಲ್ಲ, ಅಷ್ಟು ಮಂದಿಗೆ ಯಾಕ, ಯಾರ್ ಬರ್ತಾರ ಅಂತ. ನೋಡೀಗ. ನಾವು ಮನಸಿಟ್ಟು ಕರೀಬೇಕಷ್ಟ. ಕರದ್ರ ಬರ್ತಾರ."

"ಹೌದಣ್ಣ," ಎಂದೆ. "ನೀವು ಕರದಿದ್ರಿ, ಅವರು ಬಂದ್ರು."